ಗೋಡೆಯ ಮುಂದೆ ಮೂರು ದಿನ

1936ರಲ್ಲಿ ಡಚ್ ಚಿತ್ರಕಾರನೊಬ್ಬ ಹಡಗಿನ ಕಂಪನಿಯೊಂದಕ್ಕೆ ಕಾಗದ ಬರೆದ. ನಿಮ್ಮ ಸರಕು ಹಡಗುಗಳಲ್ಲಿ ನನಗೂ ನನ್ನ ಹೆಂಡತಿಗೂ ಜಾಗ ಕೊಡಿ, ಊಟ ಕೊಡಿ. ಟಿಕೆಟ್ಟಿನ ಹಣದ ಬದಲು ಪಯಣದಲ್ಲಿ ಕಂಡದ್ದನ್ನು 12 ಅಚ್ಚುಚಿತ್ರಗಳಾಗಿ ಮಾಡಿ, ಒಂದೊಂದರ ನಾಲ್ಕು ಪ್ರತಿ ನಿಮಗೆ ಒಪ್ಪಿಸುತ್ತೇನೆ ಎಂಬುದು ಆ ಕಾಗದದ ಸಾರ. ಹಡಗಿನವರಿಗೆ ಚಿತ್ರಗಳಿಂದ ಏನಾಗಬೇಕು? ಆದರೂ ಕಂಪನಿ ಒಪ್ಪಿತು.

ಆತನ ಹೆಸರು ಎಂ. ಸಿ. ಎಶರ್. ಆಗ ಅವನಿಗೆ 37 ವರ್ಷ. ಇಟಲಿಯ ಗುಡ್ಡದೂರುಗಳನ್ನು ಮರದಚ್ಚಿನಲ್ಲಿ, ಕಲ್ಲಚ್ಚಿನಲ್ಲಿ ಚಿತ್ರಿಸುತ್ತಿದ್ದವನು. ಕೈ ಚೆನ್ನಾಗಿ ಪಳಗಿತ್ತು. ಆದರೆ ನೋಡಿದ ಕೂಡಲೇ ‘ಇದು ಎಶರನದು’ ಎನ್ನಿಸುವ ಗುರುತು ಇನ್ನೂ ಮೂಡಿರಲಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಅವನೂ ಹೆಂಡತಿ ಯೆಟ್ಟಾಳೂ ಸ್ಪೇನಿನ ಗ್ರನಾಡಾ ಊರಿಗೆ ಬಂದರು, ಊರ ನೆತ್ತಿಯ ಮೇಲಿನ ಅಲ್‌ಹಂಬ್ರ ಅರಮನೆಗೆ ಹತ್ತಿದರು, ಬಣ್ಣದ ಬಿಲ್ಲೆಗಳ ಗೋಡೆಯ ಮುಂದೆ ಕೂತರು. ಮೂರು ದಿನ ಕೂತರು. ಪೆನ್ಸಿಲ್, ಬಣ್ಣ, ಹಾಳೆ ಇಟ್ಟುಕೊಂಡು ಒಂದೊಂದೇ ಮಾದರಿಯನ್ನು ಗೋಡೆಯಿಂದ ಕಾಗದಕ್ಕೆ ಇಳಿಸಿಕೊಂಡರು.

ವಿನ್ಯಾಸ ಕಲಿಯುತ್ತಿರುವ ನನ್ನ ನಾಡಿನ ಹುಡುಗ ಹುಡುಗಿಯರಿಗೆ ನಾನು ಹೇಳಬೇಕೆಂದಿರುವುದೆಲ್ಲ ಆ ಮೂರು ದಿನಗಳಲ್ಲಿದೆ. ಹೊರದೇಶಕ್ಕೆ ಹೋಗಿ. ಸಾಧ್ಯವಾದಷ್ಟು ಬೇಗ, ಸಾಧ್ಯವಾದಷ್ಟು ದೂರ ಹೋಗಿ. ಹೋದಲ್ಲಿ ಒಂದು ಗೋಡೆ ಹುಡುಕಿ, ಅದರ ಮುಂದೆ ಕೂತುಬಿಡಿ.

ಎಶರ್ ಅಲ್ಲಿಗೆ ಬಂದದ್ದು ಅದೇ ಮೊದಲೇನಲ್ಲ. 1922ರಲ್ಲಿ, 24ರ ಹರೆಯದಲ್ಲಿ, ಒಮ್ಮೆ ಬಂದಿದ್ದ. ಬೆರಗಾಗಿ ಒಂದು ಮಾದರಿಯನ್ನು ಬಿಡಿಸಿಕೊಂಡು ಹೋಗಿದ್ದ. ಆಮೇಲೆ ಅದೇ ಬಗೆಯಲ್ಲಿ ಏನಾದರೂ ಮಾಡಬೇಕೆಂದು ತಿಣುಕಿದ, ಆಗಲಿಲ್ಲ, ಕೈಬಿಟ್ಟ. ಹದಿನಾಲ್ಕು ವರ್ಷ ಕಳೆದ ಮೇಲೆ ಅದೇ ಗೋಡೆಗೆ ಮರಳಿ ಬಂದವನು ಈ ಸಲ ಬೆರಗಾಗಿ ನಿಲ್ಲಲಿಲ್ಲ, ಪಾಠಕ್ಕೆ ಕೂತ. ಮೊದಲ ಪ್ರವಾಸದಿಂದ ಏನೂ ಹುಟ್ಟಲಿಲ್ಲವೆಂದು ಕೊರಗುವವರು ಈ ಹದಿನಾಲ್ಕು ವರ್ಷವನ್ನು ನೆನಪಿಟ್ಟುಕೊಳ್ಳಬೇಕು.

ಪಯಣ ಮುಗಿದ ಮೇಲೆ, 1937ರಲ್ಲಿ, ಅವನು ತನ್ನ ಹಾಳೆಗಳನ್ನು ಅಣ್ಣ ಬೆರೆಂಡನಿಗೆ ತೋರಿಸಿದ. ಅಣ್ಣ ಲೈಡನ್ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದ ಪ್ರಾಧ್ಯಾಪಕ. ನೀನು ಮಾಡುತ್ತಿರುವುದರ ಬಗ್ಗೆ ಹರಳುಗಳನ್ನು ಅಭ್ಯಾಸ ಮಾಡುವವರು ಬರೆದಿದ್ದಾರೆ ಎಂದು ಕೆಲವು ಲೇಖನಗಳ ದಾರಿ ತೋರಿಸಿದ. ಅದರಲ್ಲೊಂದು ಗಣಿತಜ್ಞ ಜಾರ್ಜ್ ಪೋಲ್ಯಾ 1924ರಲ್ಲಿ ಪ್ರಕಟಿಸಿದ್ದು. ಒಂದೇ ಮಾದರಿ ಎರಡು ದಿಕ್ಕಿಗೂ ಮರುಕಳಿಸುತ್ತ ಇಡೀ ಸಮತಲವನ್ನು ತುಂಬುವುದಾದರೆ, ಅದರ ಸಮಮಿತಿ 17 ಬಗೆಗಳಲ್ಲಿ ಯಾವುದಾದರೂ ಒಂದಾಗಿರಲೇಬೇಕು. ಹದಿನೆಂಟನೆಯದು ಇಲ್ಲವೇ ಇಲ್ಲ. ಪೋಲ್ಯಾ ಹದಿನೇಳಕ್ಕೂ ಒಂದೊಂದು ಚಿತ್ರ ಕೊಟ್ಟಿದ್ದ. ಶಾಲೆಯಲ್ಲಿ ಗಣಿತ ತಲೆಗೆ ಹತ್ತದಿದ್ದ ಎಶರ್ ಲೇಖನದ ಗಣಿತವನ್ನು ಪಕ್ಕಕ್ಕಿಟ್ಟು ಆ ಹದಿನೇಳೂ ಚಿತ್ರಗಳನ್ನು ಕೈಯಾರೆ ಬಿಡಿಸಿಕೊಂಡ. ಕೈಗೆ ತಿಳಿಯಿತು. ಅಲ್‌ಹಂಬ್ರದ ಕುಶಲಕರ್ಮಿಗಳು ಆ ಗೋಡೆಗಳಲ್ಲಿ ರೇಖಾಕೃತಿಗಳಷ್ಟನ್ನೇ ಹೆಣೆದಿದ್ದರು. ಇವನು ಅದೇ ಹೆಣಿಗೆಯೊಳಗೆ ಹಕ್ಕಿಯನ್ನು, ಮೀನನ್ನು, ಹಲ್ಲಿಯನ್ನು ಕೂರಿಸಿದ. ಒಂದು ಹಕ್ಕಿಯ ರೆಕ್ಕೆ ಮುಗಿಯುವ ಗೆರೆಯೇ ಇನ್ನೊಂದು ಹಕ್ಕಿಯ ಬೆನ್ನು ಆರಂಭವಾಗುವ ಗೆರೆ. 1938ರ ‘ಹಗಲು ಮತ್ತು ರಾತ್ರಿ’ ಬಂದದ್ದು ಹೀಗೆ: ಬಿಳಿ ಹಕ್ಕಿಗಳು ಇರುಳಿನ ಕಡೆಗೆ, ಕಪ್ಪು ಹಕ್ಕಿಗಳು ಹಗಲಿನ ಕಡೆಗೆ ಹಾರುತ್ತ, ಕೆಳಗಿನ ಹೊಲಗಳೇ ಮೇಲೆದ್ದು ಹಕ್ಕಿಗಳಾಗುತ್ತವೆ. 1954ರಲ್ಲಿ ಜಗತ್ತಿನ ಗಣಿತಜ್ಞರು ಆಮ್‌ಸ್ಟರ್‌ಡ್ಯಾಮಿನಲ್ಲಿ ಸೇರಿದಾಗ ಅವರಿಗಾಗಿ ಏರ್ಪಟ್ಟ ಪ್ರದರ್ಶನ ಈ ಗಣಿತ ಬಾರದವನದು.

ಆ ಗೋಡೆಯಲ್ಲಿ ಅಂಥದ್ದೇನಿದೆ? ಹೋಗುವ ಮೊದಲು ಇದನ್ನು ಮನೆಯಲ್ಲೇ ಮಾಡಿ ನೋಡಿ. ಮೂರು ಬದಿಯೂ ಸಮವಾದ ಒಂದು ತ್ರಿಕೋನ ಬರೆಯಿರಿ. ಒಂದೊಂದು ಬದಿಯ ನಟ್ಟನಡುವಿಗೆ ಚುಕ್ಕಿ ಇಡಿ. ಬದಿಯ ಮೊದಲರ್ಧವನ್ನು ಕಮಾನಿನ ಹಾಗೆ ಹೊರಕ್ಕೆ ಉಬ್ಬಿಸಿ, ಉಳಿದರ್ಧವನ್ನು ಅಷ್ಟೇ ಅಳತೆಯಲ್ಲಿ ಒಳಕ್ಕೆ ಬಾಗಿಸಿ. ಮೂರೂ ಬದಿಗೆ ಒಂದೇ ಸುತ್ತಿನಲ್ಲಿ ಹೀಗೆ ಮಾಡಿದರೆ ತ್ರಿಕೋನ ಗಿರಿಗಿಟ್ಟಲೆಯ ಹಾಗೆ ತಿರುಗಿ ನಿಲ್ಲುತ್ತದೆ. ಸ್ಪೇನಿನವರು ಅದನ್ನು ‘ಪಾಹರೀತ’ ಎನ್ನುತ್ತಾರೆ, ಎಂದರೆ ಪುಟ್ಟ ಹಕ್ಕಿ. ಅಂಥ ಹತ್ತಿಪ್ಪತ್ತು ಕತ್ತರಿಸಿ ಜೋಡಿಸಿ: ಎಲ್ಲಿಯೂ ಸಂದಿಲ್ಲದೆ ಒಂದರೊಳಗೊಂದು ಕೂರುತ್ತವೆ. ಒಂದು ಕಡೆ ಉಬ್ಬಿದ್ದು ಇನ್ನೊಂದು ಕಡೆಯ ತಗ್ಗಿಗೆ ಸರಿಯಾಗುತ್ತದೆ. ಚೌಕದಿಂದ ಮಾಡುವ ಇನ್ನೊಂದಿದೆ, ‘ಎಲುಬು’ ಎಂದು ಅದರ ಹೆಸರು: ಎದುರುಬದುರಿನ ಎರಡು ಬದಿಗಳಿಂದ ತುಂಡು ಕತ್ತರಿಸಿ ತೆಗೆದು, ಅದೇ ತುಂಡುಗಳನ್ನು ಉಳಿದೆರಡು ಬದಿಗೆ ಹಚ್ಚುವುದು. ಕಳೆದದ್ದೂ ಇಲ್ಲ, ಕೂಡಿಸಿದ್ದೂ ಇಲ್ಲ. ಬರಿಯ ಜಾಗ ಬದಲು. ಆರು ನೂರಕ್ಕೂ ಹೆಚ್ಚು ವರ್ಷದ ಹಿಂದಿನ ಆ ಕೈಗಳಿಗೆ ಇಷ್ಟು ಸರಳವಾದ ಒಂದು ಉಪಾಯದಿಂದ ಇಡೀ ಅರಮನೆ ತುಂಬಲು ಬರುತ್ತಿತ್ತು.

ಇದು ಫೋಟೋದಲ್ಲಿ ಕಾಣುವುದಿಲ್ಲ. ಫೋಟೋದಲ್ಲಿ ನೀಲಿ ಕಾಣುತ್ತದೆ, ಹಸಿರು ಕಾಣುತ್ತದೆ, ಚಂದ ಕಾಣುತ್ತದೆ. ಬಿಡಿಸತೊಡಗಿದ ಕ್ಷಣ ಕೈ ಕೇಳುತ್ತದೆ: ಈ ಗೆರೆ ಎಲ್ಲಿಂದ ಹೊರಟಿತು? ಯಾವ ಚುಕ್ಕಿಯ ಸುತ್ತ ತಿರುಗಿತು? ನಾನು ಗ್ರನಾಡಾಕ್ಕೆ ಹೋದಾಗ ಮೊದಲ ದಿನವೆಲ್ಲ ಫೋಟೋ ತೆಗೆದೆ. ಅಲ್‌ಹಂಬ್ರದೊಳಗಿನ ನಸ್ರಿದ್ ದೊರೆಗಳ ಅರಮನೆಗಳಿಗೆ ಟಿಕೆಟ್ಟಿನಲ್ಲಿ ಬರೆದ ಹೊತ್ತಿಗೇ ಒಳಗೆ ಹೋಗಬೇಕು. ಜನ ಹೊಳೆಯ ಹಾಗೆ ಬರುತ್ತಾರೆ, ಸಿಂಹದ ಅಂಗಳದ ಕಾರಂಜಿಯ ಮುಂದೆ ಕೈ ಎತ್ತಿ ಫೋನು ಹಿಡಿಯುತ್ತಾರೆ, ಸರಿಯುತ್ತಾರೆ. ನಾನೂ ಸರಿದೆ. ಎರಡನೆಯ ದಿನ ಕಾಮಾರೆಸ್ ಸಭಾಂಗಣದ ಒಂದು ಮೂಲೆಯಲ್ಲಿ ಗೋಡೆಗೆ ಒರಗಿ ನಿಂತು, ಎದೆಯೆತ್ತರದ ಒಂದೇ ಒಂದು ಪಟ್ಟಿಯನ್ನು ಬಿಡಿಸುತ್ತ ಮಧ್ಯಾಹ್ನ ಕಳೆದೆ. ತಲೆಯ ಮೇಲೆ ದೇವದಾರು ಮರದ 8,000ಕ್ಕೂ ಹೆಚ್ಚು ತುಂಡುಗಳನ್ನು ಜೋಡಿಸಿ ಮಾಡಿದ ಛಾವಣಿ, ಏಳು ಸ್ವರ್ಗಗಳ ನಕ್ಷತ್ರಗಳು. ಅದನ್ನು ನೋಡಲು ಅರ್ಧ ಗಂಟೆಗೊಮ್ಮೆ ಕತ್ತು ಎತ್ತುತ್ತಿದ್ದೆ ಅಷ್ಟೆ. ಇಂದು ಆ ಫೋಟೋಗಳಲ್ಲಿ ಒಂದೂ ಮನಸ್ಸಿನಲ್ಲಿಲ್ಲ. ಆ ಪಟ್ಟಿಯನ್ನು ಕಣ್ಣು ಮುಚ್ಚಿಕೊಂಡು ಬಿಡಿಸಬಲ್ಲೆ.

ಎಶರನಿಗೂ ನೂರು ವರ್ಷ ಮೊದಲು ಇದೇ ಗೋಡೆ ಇನ್ನೊಬ್ಬನನ್ನು ಹಿಡಿದು ಕೂರಿಸಿತ್ತು. ಲಂಡನ್ನಿನ ಓವೆನ್ ಜೋನ್ಸ್ 1834ರಲ್ಲಿ, 25ನೆಯ ವಯಸ್ಸಿನಲ್ಲಿ, ಫ್ರೆಂಚ್ ಗೆಳೆಯ ಜೂಲ್ಸ್ ಗೂರಿಯ ಜೊತೆ ಅಲ್‌ಹಂಬ್ರಕ್ಕೆ ಬಂದ. ಇಬ್ಬರೂ ವಾಸ್ತುಶಿಲ್ಪಿಗಳು. ಆರು ತಿಂಗಳು ಅಳೆದರು, ಬಿಡಿಸಿದರು, ಅಚ್ಚು ತೆಗೆದರು. ಕೆಲಸದ ನಡುವೆಯೇ ಗೂರಿ ಕಾಲರಾಕ್ಕೆ ಬಲಿಯಾದ. ಜೋನ್ಸ್ ಗೆಳೆಯನನ್ನು ಕಳೆದುಕೊಂಡು ಊರಿಗೆ ಹೋದ. 1837ರಲ್ಲಿ ಒಬ್ಬನೇ ಮರಳಿ ಬಂದು ಉಳಿದದ್ದನ್ನು ಮುಗಿಸಿದ. ಆ ಬಣ್ಣಗಳನ್ನು ಹಾಗೆಯೇ ಅಚ್ಚು ಹಾಕಬಲ್ಲವರು ಲಂಡನ್ನಿನಲ್ಲಿ ಸಿಗದಿದ್ದಾಗ ತಾನೇ ಮುದ್ರಣ ಕಲಿತ. ಪುಸ್ತಕ ಕಂತುಕಂತಾಗಿ ಹೊರಬಂದು ಮುಗಿದದ್ದು 1845ರಲ್ಲಿ. ಇಂದು ಒಂದು ಅಸೈನ್‌ಮೆಂಟಿಗೆ ಒಂದು ವಾರ ಸಾಲದೆಂದು ನೊಂದುಕೊಳ್ಳುವ ನನ್ನ ವಿದ್ಯಾರ್ಥಿಗಳಿಗೆ ನಾನು ಈ ಕತೆಯನ್ನು ಮತ್ತೆ ಮತ್ತೆ ಹೇಳುತ್ತೇನೆ. ಅವರನ್ನು ಗದರಿಸುವುದಕ್ಕಲ್ಲ, ಒಂದು ಕೆಲಸವನ್ನು ಅಷ್ಟು ದಿನ ಪ್ರೀತಿಸಲು ಬರುತ್ತದೆ ಎಂದು ಅವರಿಗೆ ಗೊತ್ತಾಗಲಿ ಎಂದು.

1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಕಬ್ಬಿಣ ಮತ್ತು ಗಾಜಿನ ಕ್ರಿಸ್ಟಲ್ ಪ್ಯಾಲೇಸ್ ಎದ್ದಿತು. ಅದರ ಒಳಗಿನ ಕಬ್ಬಿಣಕ್ಕೆ ಬಣ್ಣ ಹೇಳುವ ಕೆಲಸ ಜೋನ್ಸನಿಗೆ ಬಂತು. ನೀಲಿ, ಹಳದಿ, ಕೆಂಪು ಎಂದ. ಯಾವುದು ಎಷ್ಟಿರಬೇಕು, ಯಾವುದು ಉಬ್ಬಿಗೆ, ಯಾವುದು ತಗ್ಗಿಗೆ ಎಂದು ಲೆಕ್ಕ ಹಾಕಿದ. ಕಟ್ಟಡ ತೆರೆಯುವ ಮೊದಲು ಹಲವರು ಹಳಿದರು, ತೆರೆದ ಮೇಲೆ ಹೊಗಳಿದರು. ಗಮನಿಸಿ: ಆ ಕಟ್ಟಡದಲ್ಲಿ ಅವನು ಗ್ರನಾಡಾದ ಕಮಾನು ಕಟ್ಟಲಿಲ್ಲ, ಬಿಲ್ಲೆ ಅಂಟಿಸಲಿಲ್ಲ. ಬಣ್ಣ ಹೇಗೆ ಕೆಲಸ ಮಾಡುತ್ತದೆಂಬುದನ್ನು ಅಲ್ಲಿಂದ ಹೊತ್ತು ತಂದು, ಆ ಗೋಡೆ ಎಂದೂ ಕಾಣದಿದ್ದ ಕಬ್ಬಿಣದ ಮೇಲೆ ಹಚ್ಚಿದ. 1856ರಲ್ಲಿ ಹಲವು ನಾಡುಗಳ ಅಲಂಕಾರಗಳನ್ನು ಸೇರಿಸಿ ಮಾಡಿದ ದೊಡ್ಡ ಪುಸ್ತಕದಲ್ಲಿಯೂ, ಇದನ್ನು ನೋಡಿ ನಕಲು ಮಾಡಬೇಡಿ, ಇದರ ಹಿಂದಿನ ನಿಯಮ ಹುಡುಕಿ ಎಂಬುದೇ ಅವನ ಕಳಕಳಿ. ನಮ್ಮ ದೇಶದ ಬಟ್ಟೆ, ಲೋಹದ ಕೆಲಸಗಳಿಗೂ ಅದರಲ್ಲಿ ಗೌರವದ ಜಾಗವಿದೆ.

ಬೆಂಗಳೂರಿನವರಿಗೆ ಈ ಸರಪಳಿಯ ಕೊನೆಯ ಕೊಂಡಿ ಗೊತ್ತೇ ಇದೆ, ಹೀಗೆ ಯೋಚಿಸಿರಲಿಕ್ಕಿಲ್ಲ. ಲಾಲ್‌ಬಾಗಿನ ಗಾಜಿನ ಮನೆಗೆ ಮಾದರಿ ಅದೇ ಕ್ರಿಸ್ಟಲ್ ಪ್ಯಾಲೇಸ್. 1889ರ ನವೆಂಬರ್ 30ರಂದು ಗಾಜಿನ ಮನೆಗೆ ಅಡಿಗಲ್ಲು ಬಿತ್ತು. 1936ರ ನವೆಂಬರ್ 30ರ ರಾತ್ರಿ ಕ್ರಿಸ್ಟಲ್ ಪ್ಯಾಲೇಸ್ ಬೆಂಕಿಗೆ ಸಿಕ್ಕಿ ಉರಿದುಹೋಯಿತು. ಆಗಸ್ಟಿನ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಹೂವು ನೋಡಿದ ಮೇಲೆ ಒಂದು ಸಲ ತಲೆಯೆತ್ತಿ ಕಬ್ಬಿಣದ ಪಕ್ಕೆಗಳನ್ನು ನೋಡಿ.

ನಿಯಮ ಹಿಡಿದವನಿಗೆ ಇನ್ನೊಂದು ಲಾಭವಿದೆ. ಧಾರವಾಡದ ಕಡೆಯ ಹುಡುಗಿಯೊಬ್ಬಳು ವಿಯೆನ್ನಾ ನಗರಕ್ಕೆ ಹೋದಳೆಂದುಕೊಳ್ಳಿ. ಅಲ್ಲಿನ ಕಲಾ ಸಂಗ್ರಹಾಲಯದಲ್ಲಿ ಹಾನ್ಸ್ ಹೋಲ್ಬೈನ್ ಬರೆದ ಇಂಗ್ಲೆಂಡಿನ ರಾಣಿ ಜೇನ್ ಸೀಮೋರಳ ಚಿತ್ರವಿದೆ. ಎಲ್ಲರೂ ರಾಣಿಯ ಮುಖ, ಒಡವೆ ನೋಡುತ್ತಾರೆ. ಕಸೂತಿ ಗೊತ್ತಿರುವ ನಮ್ಮ ಹುಡುಗಿಯ ಕಣ್ಣು ಹೋಗುವುದು ತೋಳಿನ ಅಂಚಿಗೆ. ಬಿಳಿ ಬಟ್ಟೆಯ ಮೇಲೆ ಕಪ್ಪು ದಾರದ ಹೆಣಿಗೆ. ಆ ಬಗೆಯ ಕೆಲಸದಲ್ಲಿ ದಾರ ಒಂದು ಎಳೆ ಬಿಟ್ಟು ಒಂದು ಎಳೆ ಓಡಿ, ಮರಳುವಾಗ ಬಿಟ್ಟ ಜಾಗಗಳನ್ನು ತುಂಬಿಕೊಂಡು ಬರುತ್ತದೆ. ಬಟ್ಟೆಯ ಎರಡೂ ಬದಿ ಒಂದೇ ಸಮ. ಅವಳ ಅಜ್ಜಿ ಇದನ್ನು ‘ಗಾವಂತಿ’ ಎನ್ನುತ್ತಿದ್ದಳು. ಯುರೋಪಿನವರು ಆ ಚಿತ್ರಕಾರನ ಹೆಸರಿನಿಂದಲೇ ‘ಹೋಲ್ಬೈನ್ ಹೊಲಿಗೆ’ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ ಈ ಕಪ್ಪು ಕಸೂತಿಗೆ ‘ಸ್ಪ್ಯಾನಿಷ್ ಕೆಲಸ’ ಎಂಬ ಹೆಸರೂ ಇತ್ತು. ಸ್ಪೇನಿನ ರಾಜಕುಮಾರಿ ಕ್ಯಾಥರೀನ್ ಮದುವೆಯಾಗಿ ಬಂದಾಗ ಅದನ್ನು ಜೊತೆಗೆ ತಂದಳೆಂಬ ಮಾತಿದೆ. ಆ ಕ್ಯಾಥರೀನಳ ತಂದೆತಾಯಿಯೇ 1492ರಲ್ಲಿ ಗ್ರನಾಡಾವನ್ನು ಗೆದ್ದವರು. ಕ್ಯಾಥರೀನಳ ಬಾಲ್ಯ ಸ್ವಲ್ಪ ಮಟ್ಟಿಗೆ ಕಳೆದದ್ದು ಅದೇ ಅಲ್‌ಹಂಬ್ರದಲ್ಲಿ.

ಧಾರವಾಡದ ಹೊಲಿಗೆಯೂ ಸ್ಪೇನಿನ ಹೊಲಿಗೆಯೂ ಒಂದು ಬೇರಿನವೆಂದು ನಾನು ಹೇಳುತ್ತಿಲ್ಲ. ಎಳೆ ಎಣಿಸುವ ಕೈಗಳು ಎಲ್ಲಿದ್ದರೂ ಇಂಥ ಉತ್ತರ ತಲುಪಬಹುದು. ಆದರೆ ಆ ಚಿತ್ರದ ಮುಂದೆ ನಿಂತ ಹುಡುಗಿಗೆ, ತನ್ನ ಅಜ್ಜಿ ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ತುಳಸಿಕಟ್ಟೆ ಹಾಕುತ್ತಿದ್ದಾಗ ಎಷ್ಟು ದೊಡ್ಡ ವಿದ್ಯೆ ನಡೆಯುತ್ತಿತ್ತು ಎಂಬುದು ಹೊಳೆಯದೆ ಇರುತ್ತದೆಯೇ? ಮನೆಯಲ್ಲಿ ಕೂತಿದ್ದರೆ ಅದು ‘ಹಳೇ ಕಾಲದ ಕೆಲಸ’ವಾಗಿಯೇ ಉಳಿಯುತ್ತಿತ್ತು. ಆದ್ದರಿಂದಲೇ ನಾನು ದೂರ ಹೋಗಿ ಎನ್ನುವುದು.

ಹೆಣ್ಣುಮಕ್ಕಳನ್ನು ಅಷ್ಟು ದೂರ ಹೇಗೆ ಕಳಿಸುವುದು ಎನ್ನುವ ತಂದೆತಾಯಿಗಳಿಗೆ ಎರಡು ಹೆಸರು ಸಾಕು. ವಿನ್ಯಾಸಕಿ ಶಾರ್ಲಟ್ ಪೆರಿಯಾಂ 1940ರಲ್ಲಿ, ಯುರೋಪ್ ಯುದ್ಧದಲ್ಲಿ ಮುಳುಗುತ್ತಿದ್ದಾಗ, ಫ್ರಾನ್ಸಿನಿಂದ ಜಪಾನಿಗೆ ಹೋದಳು. ಊರೂರಿನ ಕರಕುಶಲ ಕೇಂದ್ರಗಳನ್ನು ಸುತ್ತಿದಳು. ತಾನು ಮೊದಲು ಉಕ್ಕಿನ ಕೊಳವೆಯಲ್ಲಿ ರೂಪಿಸಿದ್ದ ಒರಗುಕುರ್ಚಿಯನ್ನು ಅಲ್ಲಿ ಬಿದಿರಿನಲ್ಲಿ ಹೊಸದಾಗಿ ಮಾಡಿಸಿದಳು. ಇನ್ನೊಬ್ಬರು ನಮ್ಮವರೇ, 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಎಳೆಯ ವಯಸ್ಸಿನಲ್ಲೇ ವಿಧವೆಯಾಗಿ, ಆ ಕಾಲದ ಕಟ್ಟುಗಳನ್ನೆಲ್ಲ ಮೀರಿ, ಯುರೋಪು, ಅಮೆರಿಕ, ಚೀನಾ, ಜಪಾನುಗಳನ್ನು ಕಂಡು ಬಂದವರು. ಹಾಗೆ ಲೋಕ ನೋಡಿ ಬಂದ ಕಣ್ಣು ಆಮೇಲೆ ನಮ್ಮ ಹಳ್ಳಿಯ ಕುಂಬಾರ, ನೇಕಾರರ ಕೈಯಲ್ಲಿ ಏನಿದೆಯೆಂದು ದೇಶಕ್ಕೆ ತೋರಿಸಿಕೊಟ್ಟಿತು.

ನನಗೆ ಬಹಳ ಇಷ್ಟವಾದ ಪ್ರವಾಸ ಮಾತ್ರ ಇಸಾಮು ನೊಗುಚಿಯದು. ಜಪಾನಿ ತಂದೆ, ಅಮೆರಿಕನ್ ತಾಯಿ. ಹುಟ್ಟಿದ್ದು 1904ರಲ್ಲಿ ಲಾಸ್ ಏಂಜಲಿಸ್‌ನಲ್ಲಿ. ಕಲ್ಲು ಕೆತ್ತುವ ಶಿಲ್ಪಿ. 1951ರಲ್ಲಿ ಹಿರೋಶಿಮಾಕ್ಕೆ ಹೋಗುವ ದಾರಿಯಲ್ಲಿ ಗಿಫು ಎಂಬ ಊರಿನಲ್ಲಿ ಇಳಿದ. ನಾಗರಾ ಹೊಳೆಯಲ್ಲಿ ಇರುಳು ಹೊತ್ತು ದೋಣಿಗೆ ಬೆಳಕು ಕಟ್ಟಿ, ನೀರುಕಾಗೆಗಳನ್ನು ಬಿಟ್ಟು ಮೀನು ಹಿಡಿಸುವುದನ್ನು ನೋಡಿದ. ಗಿಫು ಕಾಗದದ ಲಾಟೀನುಗಳಿಗೆ ಹೆಸರಾದ ಊರು. ಆ ಕಸುಬು ಸೊರಗುತ್ತಿತ್ತು. ಏನಾದರೂ ಮಾಡಿಕೊಡಿ ಎಂದು ಊರಿನ ಮೇಯರ್ ಕೇಳಿಕೊಂಡ. ನೊಗುಚಿ ಲಾಟೀನು ಮಾಡುವವರ ಜೊತೆ ಕೂತ. ಮರದ ಅಚ್ಚಿನ ಸುತ್ತ ತೆಳು ಬಿದಿರಿನ ಕಡ್ಡಿಯನ್ನು ಸುರುಳಿಯಾಗಿ ಸುತ್ತುವುದು, ಹಿಪ್ಪುನೇರಳೆ ಜಾತಿಯ ಗಿಡದ ತೊಗಟೆಯಿಂದ ಮಾಡಿದ ಕಾಗದವನ್ನು ಅದರ ಮೇಲೆ ಅಂಟಿಸುವುದು, ಒಣಗಿದ ಮೇಲೆ ಒಳಗಿನ ಅಚ್ಚನ್ನು ಬಿಚ್ಚಿ ತೆಗೆಯುವುದು. ಇದರಲ್ಲಿ ಅವನು ಏನನ್ನೂ ಬದಲಿಸಲಿಲ್ಲ. ಮೇಲಿನ ಹೂವಿನ ಚಿತ್ರ ತೆಗೆದ, ಮೇಣದ ಬತ್ತಿಯ ಜಾಗದಲ್ಲಿ ವಿದ್ಯುತ್ ದೀಪ ಇಟ್ಟ, ಆಕಾರವನ್ನು ಶಿಲ್ಪಿಯ ಕಣ್ಣಿನಿಂದ ಬಿಡಿಸಿದ. ‘ಅಕಾರಿ’ ಎಂದು ಹೆಸರಿಟ್ಟ, ಎಂದರೆ ಬೆಳಕು. ಮುಂದಿನ ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಬಗೆಯ ಅಕಾರಿಗಳು ಬಂದವು. ಅವು ಇಂದಿಗೂ ಗಿಫುವಿನಲ್ಲೇ, ಕೈಯಲ್ಲೇ ತಯಾರಾಗುತ್ತವೆ.

ಇದನ್ನು ಬರೆಯುವಾಗ ದೀಪಾವಳಿಯ ಗೂಡುದೀಪ ಕಣ್ಣ ಮುಂದೆ ಬರುತ್ತದೆ. ಕರಾವಳಿಯಲ್ಲಿ ಗೂಡುದೀಪದ ಸ್ಪರ್ಧೆಗಳೇ ನಡೆಯುತ್ತವೆ. ಬಿದಿರಿನ ಕಡ್ಡಿ, ಬಣ್ಣದ ಕಾಗದ, ಮೈದಾ ಅಂಟು. ಹತ್ತು ವರ್ಷದ ಹುಡುಗರ ಕೈಯಲ್ಲಿ ಎಂಥ ಆಕಾರಗಳು! ಹಬ್ಬ ಮುಗಿದ ಮೇಲೆ ಅಟ್ಟಕ್ಕೆ. ಆ ಹುಡುಗರಲ್ಲಿ ಒಬ್ಬ ಗಿಫುವಿಗೆ ಹೋಗಿ, ಅಲ್ಲಿನ ಅಜ್ಜನ ಪಕ್ಕ ಒಂದು ವಾರ ಕೂತು, ಅಚ್ಚು ಬಿಚ್ಚುವ ಆ ಗುಟ್ಟು ಕಲಿತು ಬರಬಾರದೇಕೆ? ಈ ದಾರಿ ನಮಗೆ ಹೊಸದೂ ಅಲ್ಲ. ಚನ್ನಪಟ್ಟಣದ ಬಾವಾಸ್ ಮಿಯಾ ಎಂಬ ಕುಶಲಕರ್ಮಿ ಜಪಾನಿನ ಗೊಂಬೆ ಮಾಡುವ ವಿಧಾನವನ್ನು ಅರಗು ಬಣ್ಣದ ನಮ್ಮ ಗೊಂಬೆಗಳಿಗೆ ತಂದವರೆಂದು ಆ ಊರಿನವರು ಇಂದಿಗೂ ನೆನೆಯುತ್ತಾರೆ. ಹಾಲೆ ಮರ ನಮ್ಮದು, ಚರಕಿ ಹಿಡಿದ ಕೈ ನಮ್ಮದು, ಕಲಿತು ಬಂದ ಜಾಣ್ಮೆ ಸಮುದ್ರದಾಚೆಯದು.

ಹಣದ ಮಾತು ಬಂದೇ ಬರುತ್ತದೆ. ನಿಜ, ವಿಮಾನದ ಟಿಕೆಟ್ಟು ಹುಡುಗಾಟವಲ್ಲ. ಆದರೆ ಹೊರದೇಶವೆಂದರೆ ಪ್ಯಾರಿಸ್ಸು, ಮಿಲಾನೇ ಆಗಬೇಕಾಗಿಲ್ಲ. ಕಠ್ಮಂಡು ಕಣಿವೆಯ ಪಾಟನ್ ಇದೆ, ನೇವಾರರು ಮರದಲ್ಲಿ ಕೆತ್ತಿದ ಕಿಟಕಿಗಳಿವೆ. ಅಲ್ಲಿಗೆ ನಮಗೆ ವೀಸಾ ಕೂಡ ಬೇಡ. ಜಾವಾದ ಯೋಗ್ಯಕರ್ತ ಇದೆ, ಪುಟ್ಟ ತಾಮ್ರದ ಕೊಳವೆಯಿಂದ ಬಿಸಿ ಮೇಣ ಸುರಿಸುತ್ತ ಬಟ್ಟೆಯ ಮೇಲೆ ಬಾಟಿಕ್ ಬರೆಯುವ ಹೆಂಗಸರಿದ್ದಾರೆ. ಇನ್ನೂ ಹತ್ತಿರ ಶ್ರೀಲಂಕಾ. ಅಲ್ಲಿ ಜೆಫ್ರಿ ಬಾವಾ ಎಂಬ ವಕೀಲನಿದ್ದ. ಲೋಕ ಸುತ್ತಿ ಇಟಲಿಯ ತೋಟಗಳಿಗೆ ಮನಸೋತು, ಅಲ್ಲೇ ಒಂದು ಮನೆ ಕೊಳ್ಳುವ ಆಸೆಯಲ್ಲಿದ್ದ. ಅದು ಕೈಗೂಡಲಿಲ್ಲ. 1948ರಲ್ಲಿ ಬೆಂತೋಟದ ಬಳಿ, ಕೆರೆಯ ದಂಡೆಯಲ್ಲಿ ಹಳೆಯ ರಬ್ಬರ್ ತೋಟವೊಂದನ್ನು ಕೊಂಡು, ಇಟಲಿ ಕಲಿಸಿದ್ದನ್ನು ಸಿಂಹಳದ ಮಣ್ಣು, ಮಳೆ, ಮರಗಳ ಮೇಲೆ ಪ್ರಯೋಗಿಸತೊಡಗಿದ. ಅದೇ ಲುನುಗಂಗಾ. ಆ ತೋಟದ ಕೆಲಸವೇ ಅವನನ್ನು ಕಟ್ಟಡ ವಿದ್ಯೆಗೆ ಎಳೆಯಿತು. ವಾಸ್ತುಶಿಲ್ಪಿಯಾಗಿ ಅರ್ಹತೆ ಪಡೆದಾಗ 38 ವರ್ಷ. ಏಷ್ಯಾದ ಬಿಸಿಲು ಮಳೆಯ ನಾಡುಗಳಲ್ಲಿ ಮನೆ ಹೇಗಿರಬೇಕೆಂದು ತೋರಿಸಿದವರಲ್ಲಿ ಅವನು ದೊಡ್ಡವನು. ಲುನುಗಂಗಾ ಇಂದು ನೋಡುವವರಿಗೆ ತೆರೆದಿದೆ.

ಲಂಡನ್ನಿನಂಥ ದುಬಾರಿ ಊರಿನಲ್ಲೂ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯಕ್ಕೆ ಪ್ರವೇಶ ಶುಲ್ಕವಿಲ್ಲ. ಶ್ರೀರಂಗಪಟ್ಟಣದಿಂದ 1799ರಲ್ಲಿ ಒಯ್ದ ಟಿಪ್ಪುವಿನ ಹುಲಿ ಅಲ್ಲಿದೆ. 2025ರಲ್ಲಿ ಅದೇ ಸಂಗ್ರಹಾಲಯ ಊರಿನ ಪೂರ್ವ ಭಾಗದಲ್ಲಿ ತನ್ನ ಉಗ್ರಾಣವನ್ನೇ ಜನರಿಗೆ ತೆರೆದಿಟ್ಟಿತು. ಯಾವ ವಸ್ತು ಬೇಕೆಂದು ಮೊದಲೇ ಹೆಸರಿಸಿ ಸಮಯ ಗೊತ್ತುಮಾಡಿಕೊಂಡರೆ, ತೆಗೆದು ಮುಂದಿಡುತ್ತಾರೆ. ಅದಕ್ಕೆ ಡಿಗ್ರಿ ಬೇಡ, ಶಿಫಾರಸು ಬೇಡ. ಕೇಳಲು ಬರಬೇಕು ಅಷ್ಟೆ. ಎಶರ್ ಕೇಳಿದ ಹಾಗೆ. ನಿಮ್ಮ ಕೈಯಲ್ಲಿ ಹಣವಿಲ್ಲದಿರಬಹುದು, ಕೆಲಸವಿದೆ. ಕೆಲಸವನ್ನು ಮುಂದಿಟ್ಟು ಕೇಳಿ. ವಿದ್ಯಾರ್ಥಿ ವಿನಿಮಯಕ್ಕೆ ಅರ್ಜಿ ಹಾಕಿ, ಕುಂಬಾರನ ಮನೆಗೆ, ನೇಕಾರನ ಮನೆಗೆ, ಅಚ್ಚುಕೂಟಕ್ಕೆ ಕಾಗದ ಬರೆಯಿರಿ. ಹತ್ತರಲ್ಲಿ ಒಂಬತ್ತಕ್ಕೆ ಉತ್ತರ ಬರಲಿಕ್ಕಿಲ್ಲ. ಪಾಸ್‌ಪೋರ್ಟನ್ನಂತೂ ಈ ತಿಂಗಳೇ ಮಾಡಿಸಿಡಿ, ಎಲ್ಲಿಗೆ ಎಂದು ಗೊತ್ತಾಗದಿದ್ದರೂ.

ಹೋದ ಮೇಲೆ ಏನು ಮಾಡಬೇಕು? ಹತ್ತು ಊರು ಬೇಡ, ಒಂದು ಊರು ಸಾಕು. ಬರೆಯಲು ಬಾರದೆಂದು ನಾಚಬೇಡಿ. ಬಿಡಿಸುವುದು ತೋರಿಸಲಿಕ್ಕಲ್ಲ, ಕಾಣಲಿಕ್ಕೆ. ಟೇಪು ಮರೆತರೆ ಗೇಣಿನಲ್ಲಿ ಅಳೆಯಿರಿ, ಗೇಣು ಎಲ್ಲಿಗೆ ಹೋದರೂ ಜೊತೆಗಿರುತ್ತದೆ. ಮಾಡುವವರನ್ನು ಹುಡುಕಿ. ಗ್ರನಾಡಾದಿಂದ ಸಮುದ್ರ ದಾಟಿದರೆ ಮೊರಾಕೋ. ಫೆಜ್ ಊರಿನಲ್ಲಿ ಅದೇ ಬಿಲ್ಲೆಯ ಕೆಲಸ ಇನ್ನೂ ಬದುಕಿದೆ. ಬಣ್ಣದ ಬಿಲ್ಲೆಯ ಮೇಲೆ ಆಕಾರ ಬರೆದು, ಚೂಪು ಸುತ್ತಿಗೆಯಿಂದ ಚಿಟಿ ಚಿಟಿ ಎಂದು ಒಡೆಯುತ್ತಾರೆ. ತುಂಡುಗಳನ್ನು ನೆಲದ ಮೇಲೆ ಮಗುಚಿ ಜೋಡಿಸುತ್ತಾರೆ, ಬಣ್ಣ ಕೆಳಗೆ, ಬೆನ್ನು ಮೇಲೆ. ಗಾರೆ ಸುರಿದು ಗಟ್ಟಿಯಾದ ಮೇಲೆ ಎತ್ತಿ ನಿಲ್ಲಿಸಿದಾಗಲೇ ಚಿತ್ತಾರ ಕಾಣುವುದು. ಇಡೀ ಮಾದರಿ ಅವರ ತಲೆಯಲ್ಲಿರುತ್ತದೆ. ಅದನ್ನು ಕಣ್ಣಾರೆ ನೋಡಿದವನಿಗೆ ಕಂಪ್ಯೂಟರಿನಲ್ಲಿ ‘ಕಾಪಿ, ಪೇಸ್ಟ್’ ಒತ್ತುವಾಗ ಕೈ ಒಂದು ಕ್ಷಣ ತಡೆಯುತ್ತದೆ.

ಬೇರೆಯವರೂ ನಮ್ಮಲ್ಲಿಗೆ ಹೀಗೆಯೇ ಬಂದಿದ್ದರು. ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸರ್ಕಾರದ ಕರೆಗೆ ಓಗೊಟ್ಟು ದೇಶ ಸುತ್ತಿ, 1958ರಲ್ಲಿ ಒಂದು ವರದಿ ಕೊಟ್ಟರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಆರಂಭವಾಗಲು ಅದೇ ಬುನಾದಿ. ಈ ದೇಶದಲ್ಲಿ ಕಂಡ ವಸ್ತುಗಳಲ್ಲೆಲ್ಲ ಅವರ ಮನಸ್ಸು ನಿಂತದ್ದು ಉತ್ತರದವರು ‘ಲೋಟಾ’ ಎನ್ನುವ, ನಾವು ಚೊಂಬು ಎನ್ನುವ ಪಾತ್ರೆಯ ಮೇಲೆ. ಸೊಂಟದ ಮೇಲೆ ಇಟ್ಟರೆ ಹೇಗೆ ಕೂರುತ್ತದೆ, ತಲೆಯ ಮೇಲೆ ಹೇಗೆ, ತುಂಬಿದಾಗ ತೂಕ ಎಲ್ಲಿರುತ್ತದೆ, ಬರಿದಾದಾಗ ಎಲ್ಲಿ, ಬಾಯಿಯಿಂದ ನೀರು ಹೇಗೆ ಬೀಳುತ್ತದೆ, ಒಳಗೆ ಕೈ ಹಾಕಿ ತೊಳೆಯಬಹುದೇ, ಮುಟ್ಟಿದರೆ ಹೇಗಿರುತ್ತದೆ, ತಟ್ಟಿದರೆ ಯಾವ ಸದ್ದು ಎಂದು ಸಾಲುಸಾಲಾಗಿ ಕೇಳಿಕೊಂಡರು. ಯಾವ ಒಬ್ಬ ವಿನ್ಯಾಸಕಾರನೂ ಮಾಡಿದ್ದಲ್ಲ, ಎಷ್ಟೋ ತಲೆಮಾರುಗಳು ಸವರಿ ಸವರಿ ಮಾಡಿದ್ದು ಎಂದು ಕಂಡುಕೊಂಡರು. ಬಚ್ಚಲಲ್ಲಿ ದಿನವೂ ಕೈಗೆ ಸಿಗುತ್ತಿದ್ದ ಆ ಚೊಂಬಿಗೆ ನಾನು ಅಂಥ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಗ್ರನಾಡಾದಿಂದ ಮರಳಿದ ವರ್ಷವೇ ನಾನು ಬೀದರಿಗೆ ಹೋದೆ. ಅದಕ್ಕೂ ಮೊದಲು ಹೋಗಿರಲಿಲ್ಲ; ಈಗಲೂ ಅದನ್ನು ನೆನೆದರೆ ಮನಸ್ಸು ಚುಚ್ಚುತ್ತದೆ. ಕ್ಯಾಸ್ಪಿಯನ್ ಸಮುದ್ರದ ದಂಡೆಯ ಗಿಲಾನಿನಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಮಹಮೂದ್ ಗವಾನ್ 1472ರಲ್ಲಿ ಅಲ್ಲಿ ಒಂದು ದೊಡ್ಡ ಮದರಸಾ ಕಟ್ಟಿಸಿದ. ತಾನು ಹುಟ್ಟಿ ಬೆಳೆದ ಸೀಮೆಯ ವಿದ್ಯೆಯನ್ನು ದಖ್ಖನ್ನಿನ ಕಲ್ಲಿಗೆ ಹೊದಿಸಿದ. ಅಲ್‌ಹಂಬ್ರದಲ್ಲಿ ನಸ್ರಿದ್ ದೊರೆಗಳ ಕೊನೆಯ ಇಪ್ಪತ್ತು ವರ್ಷ ಉಳಿದಿದ್ದಾಗ ಇಲ್ಲಿ ಗೋಡೆಗಳಿಗೆ ಬಣ್ಣದ ಬಿಲ್ಲೆ ಏರುತ್ತಿತ್ತು. 1690ರ ದಶಕದ ಸ್ಫೋಟದಲ್ಲಿ ಮುಂಭಾಗದ ಒಂದು ಪಾಲು ಕುಸಿಯಿತು. ಉಳಿದ ಮಿನಾರಿನ ಮೈಮೇಲೆ, ಗೋಡೆಯ ಅಲ್ಲಲ್ಲಿ, ನೀಲಿ ಬಿಳಿ ಹಳದಿಯ ಚೂರುಗಳು ಇನ್ನೂ ಅಂಟಿಕೊಂಡಿವೆ. ಕೋಟೆಯೊಳಗಿನ ರಂಗೀನ್ ಮಹಲಿನಲ್ಲೂ ಇವೆ, ಕರಿಗಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಜೊತೆಗೆ.

ಮದರಸಾದ ಎದುರು ನಿಂತಾಗ ಮಧ್ಯಾಹ್ನದ ಬಿಸಿಲು ಮಿನಾರಿನ ಮೇಲಿತ್ತು. ಗ್ರನಾಡಾದಲ್ಲಿ ಅರ್ಧ ಮುಗಿದಿದ್ದ ಅದೇ ನೋಟ್‌ಬುಕ್ಕು ಚೀಲದಲ್ಲಿತ್ತು. ಬಿಲ್ಲೆ ಉದುರಿಹೋದ ಜಾಗಗಳಲ್ಲಿ ಮಾದರಿ ಹೇಗೆ ಮುಂದುವರಿಯುತ್ತಿತ್ತು ಎಂದು ಗೆರೆ ಎಳೆಯುತ್ತ ಹೋದೆ. ನಿಯಮ ಗೊತ್ತಿದ್ದುದರಿಂದ ಖಾಲಿ ಜಾಗವೂ ತುಂಬುತ್ತ ಬಂತು. ಸಂಜೆಯವರೆಗೆ ಒಂದು ಹಾಳೆ ಆಯಿತು. ಬಿಡಿಸದೆ ಉಳಿದದ್ದು ಗೋಡೆಗಟ್ಟಲೆ ಇದೆ. ಯಶವಂತಪುರದಿಂದ ಬೀದರಿಗೆ ರಾತ್ರಿ ರೈಲಿದೆ.